ಎಷ್ಟು ಕೊಡುತ್ತೆ?

ತಿಪಟೂರು ಸೀಮೆಯಲ್ಲಿ ಯಾರನ್ನಾದರೂ ನಿಲ್ಲಿಸಿ 'ಎಷ್ಟು ಕೊಡುತ್ತೆ?' ಎಂದು ಕೇಳಿದರೆ, ಅವರು ಉತ್ತರ ಹೇಳುವ ಮುಂಚೆ ನಿಮ್ಮ ಕಣ್ಣು ಎತ್ತ ಕಡೆ ಇದೆ ಎಂದು ನೋಡುತ್ತಾರೆ. ಕಣ್ಣು ಮೇಲಕ್ಕಿದ್ದರೆ ತೆಂಗಿನ ಮರದ ವಿಚಾರ, ಎಷ್ಟು ಕಾಯಿ ಎಂದು ಹೇಳಬೇಕು. ಕೊಟ್ಟಿಗೆಯ ಕಡೆ ಇದ್ದರೆ ಹಸುವಿನ ವಿಚಾರ, ಹೊತ್ತಿಗೆ ಎಷ್ಟು ಲೀಟರ್ ಹಾಲು ಎಂದು ಹೇಳಬೇಕು. ಜಗುಲಿಯ ಪಕ್ಕ ನಿಂತ ಬೈಕಿನ ಕಡೆ ಇದ್ದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು. ಮೂರಕ್ಕೂ ಪ್ರಶ್ನೆ ಒಂದೇ. ಮೂರಕ್ಕೂ ಗಂಡಸರು ಹೇಳುವುದು ಸುಳ್ಳೇ ಎಂಬುದು ಹೊನ್ನವಳ್ಳಿಯ ರಾಧಾಮಣಿಯ ಸಿದ್ಧಾಂತ.

ಅವಳು ಹಾಗೆನ್ನುವುದಕ್ಕೆ ಆಧಾರವಿತ್ತು. ರಾಧಾಮಣಿ ಹಾಲಿನ ಸೊಸೈಟಿಯ ಕಾರ್ಯದರ್ಶಿ. ದಿನಬೆಳಗಾದರೆ 'ನಮ್ಮ ಹಸ ಹೊತ್ತಿಗೆ ಹನ್ನೆರಡು ಲೀಟ್ರು ಕೊಡ್ತೈತೆ' ಎಂದು ಮೀಸೆ ತಿರುವುವವರೆಲ್ಲ ಅವಳ ಮುಂದೆ ಏಳು ಲೀಟರ್ ಸುರಿದು, ಕರು ಕುಡಿದುಬಿಟ್ಟಿತು ಎಂದು ಕರುವಿನ ಮೇಲೆ ಹಾಕಿ ಹೋಗುತ್ತಿದ್ದರು. "ಬಾಯಲ್ಲಿ ಕೊಡೋದು ಬೇರೆ, ಕ್ಯಾನಿಗೆ ಬೀಳೋದು ಬೇರೆ" ಎಂಬುದು ಅವಳ ವೇದವಾಕ್ಯ. ಅಂಥವಳ ಗಂಡನಾಗಿ ಕಲ್ಲೇಶ ತನ್ನ ಬೈಕು ಲೀಟರಿಗೆ ಅರವತ್ತು ಕೊಡುತ್ತದೆ ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಧೈರ್ಯವಂತ ಎನ್ನಬೇಕು, ಇಲ್ಲವೇ ದಡ್ಡ ಎನ್ನಬೇಕು. (ಮದುವೆಯಾದ ಗಂಡಸಿನಲ್ಲಿ ಇವೆರಡರ ನಡುವೆ ಗೆರೆ ಎಳೆಯುವುದು ಕಷ್ಟ.)

ಕಲ್ಲೇಶ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದ. ಹಳ್ಳಿ ಹಳ್ಳಿ ಸುತ್ತಿ, ರೈತರ ಅಟ್ಟ ಹತ್ತಿ, ಒಣಗಲು ಹಾಕಿದ ಕಾಯಿ ಕೊಬ್ಬರಿಯಾಯಿತೇ ಇಲ್ಲವೇ ಎಂದು ಹೇಳುವುದು ಅವನ ಕಸುಬು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಸದ್ದೇ ಇಲ್ಲದಿದ್ದರೆ ಎಳೆಯದು, ನೀರು ತುಂಬಿದೆ. ಗಳಗಳ ಎಂದರೆ ನೀರು ಇಂಗುತ್ತಿದೆ. ಲೊಟಲೊಟ ಎಂದರೆ ನೀರು ಹೋಗಿ ಕೊಬ್ಬರಿ ಚಿಪ್ಪು ಬಿಟ್ಟಿದೆ, ಒಡೆಯಬಹುದು. ಅವನ ಬೈಕಿನ ಪೆಟ್ರೋಲ್ ಮುಳ್ಳು ಎಂದೋ ಕೆಟ್ಟು ಮಲಗಿತ್ತು. ಆದ್ದರಿಂದ ಅದೇ ವಿದ್ಯೆಯನ್ನು ಅವನು ಬೈಕಿಗೂ ಉಪಯೋಗಿಸುತ್ತಿದ್ದ. ಬೆಳಿಗ್ಗೆ ಎದ್ದು ಹ್ಯಾಂಡಲ್ ಹಿಡಿದು ಗಾಡಿಯನ್ನು ಎರಡು ಸಲ ಕುಲುಕಿ, ಟ್ಯಾಂಕಿಗೆ ಕಿವಿಗೊಟ್ಟು, "ಇವತ್ತಿಗೆ ಸಾಕು" ಎಂದೋ "ಹಾಕಿಸ್ಬೇಕು" ಎಂದೋ ತೀರ್ಪು ಕೊಡುತ್ತಿದ್ದ. ನೋಡಿ ನೋಡಿ ಅವನ ತಾಯಿ ಪುಟ್ಟಗಂಗಮ್ಮನಿಗೂ ಆ ಅಭ್ಯಾಸ ಬಂದಿತ್ತು. ಮುದುಕಿ ಕಸ ಗುಡಿಸುತ್ತಾ ಬಂದವಳು ಪೊರಕೆ ಕೆಳಗಿಟ್ಟು ಬೈಕನ್ನೊಮ್ಮೆ ಅಲ್ಲಾಡಿಸಿಯೇ ಮುಂದೆ ಹೋಗುವಳು.

ಗಲಾಟೆ ಶುರುವಾದದ್ದು ಒಂದು ಸೋಮವಾರ. "ರಾಧಾ, ಗಾಡಿಗೆ ಎಣ್ಣೆ ಹಾಕಿಸ್ಬೇಕು" ಎಂದು ಕಲ್ಲೇಶ ಕೈ ಚಾಚಿದ. ಮನೆಯ ಖಜಾನೆ ಅವಳದು.

"ಶುಕ್ರವಾರ ತಾನೆ ಹಾಕಿಸಿದ್ರಿ? ಅರವತ್ತು ಕೊಡೋ ಗಾಡಿ ಇಷ್ಟೊಂದು ಹೆಂಗೆ ಕುಡಿಯುತ್ತೆ?"

"ಗಾಡೀದಲ್ಲ ಕಣೇ ತಪ್ಪು. ಪೆಟ್ರೋಲ್‌ದು. ಈಗ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸ್ತಾರೆ."

"ಹಂಗಂದ್ರೇನ್ಲಾ?" ಎಂದಳು ಒಳಗಿನಿಂದ ಪುಟ್ಟಗಂಗಮ್ಮ.

"ಕಬ್ಬಿಂದ ಇಳಿಸ್ತಾರಲ್ಲವ್ವಾ, ಅದೇ. ಸ್ಪಿರಿಟ್ಟು."

"ಅಯ್ಯೋ ಶಿವನೇ, ಸಾರಾಯಿ ಅನ್ನು! ಅದಕ್ಕೇ ಗಾಡಿ ತಿರುವಿನಾಗೆ ಓಲಾಡ್ತದೆ. ನಿಮ್ಮಪ್ಪ ಒಂದು ದಿನ ಎಣ್ಣೆ ಮುಟ್ಟಲಿಲ್ಲ ಕಣ್ಲಾ, ನಿನ್ನ ಗಾಡಿ ಕಲಿತುಬುಡ್ತಲ್ಲ."

ಅಂದಿನಿಂದ ಕಲ್ಲೇಶನಿಗೆ ಯಾವ ಪೆಟ್ರೋಲ್ ಹಾಕಿಸಬೇಕು ಎಂಬ ಚಿಂತೆ ಹತ್ತಿತು. ಕೇಳಿದ ಬಾಯಿಗೊಂದು ಉಪದೇಶ ಬಂತು. ಎದುರು ಮನೆಯ ಹುಚ್ಚರಂಗಯ್ಯನವರು, ಸ್ವಂತಕ್ಕೆ ಸೈಕಲ್ಲೂ ಇಲ್ಲದವರು, "ಪವರ್ ಪೆಟ್ರೋಲ್ ಹಾಕ್ಸು ಕಣಪ್ಪ, ಬೆಣ್ಣೆ ತಿಂದಂಗೆ ಓಡ್ತದೆ" ಎಂದರು. ಹಾಕಿಸಿದ. ಜೇಬು ಬೆಣ್ಣೆಯಂತೆ ಕರಗಿತು, ಗಾಡಿ ಹಳೇ ಹಾಡನ್ನೇ ಹಾಡಿತು. ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಹೆಚ್ಚು ಬರುತ್ತದೆ ಎಂದು ಮಂಡಿಯಲ್ಲಿ ಯಾರೋ ಹೇಳಿದರು. ಕತ್ತಲಲ್ಲೇ ಹೋಗಿ ಬಂಕಿನವನನ್ನು ಎಬ್ಬಿಸಿ ಬೈಸಿಕೊಂಡ. ನೊಣವಿನಕೆರೆ ಕಡೆಯ ಬಂಕಿನಲ್ಲಿ ಅಸಲಿ ಮಾಲು ಸಿಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಅಲ್ಲಿಗೆ ಹೋಗಿ ಹಾಕಿಸಿಕೊಂಡು ಬರುವಷ್ಟರಲ್ಲಿ, ಉಳಿದದ್ದಕ್ಕಿಂತ ಹೆಚ್ಚು ದಾರಿಯಲ್ಲೇ ಉರಿದುಹೋಯಿತು.

ಮೆಕ್ಯಾನಿಕ್ ಕರಿಯಪ್ಪನನ್ನು ಕೇಳಿದರೆ ತಲೆ ಇನ್ನಷ್ಟು ಕೆಟ್ಟಿತು.

"ಕರಿಯಪ್ಪ, ಈ ಗಾಡಿಗೆ ಸಾದಾ ಪೆಟ್ರೋಲೋ, ಪವರ್ರೋ?"

"ಸಾದಾನೂ ಹಾಕ್ಬೋದು, ಪವರ್ರೂ ಹಾಕ್ಬೋದು."

"ಯಾವುದು ಒಳ್ಳೇದು?"

"ಒಳ್ಳೇದು ಅಂದ್ರೆ ಎರಡೂ ಒಳ್ಳೇದೇ. ನಿನ್ನ ಗಾಡಿ ಹಳೇದು ನೋಡು, ಅದಕ್ಕೆ ಎರಡೂ ಒಗ್ಗಲ್ಲ. ಟೈರಿಗೆ ಗಾಳಿ ನೋಡ್ದಾ? ಚೈನು? ಫಿಲ್ಟ್ರು? ಕ್ಲಚ್ಚು ಹಿಡ್ಕೊಂಡೇ ಓಡಿಸ್ತೀಯ, ಹಿಂದೆ ಕಾಯಿ ಚೀಲ ಬೇರೆ. ನಿನ್ನ ಹೊತ್ಕೊಂಡು ನಾನು ಓಡಿದ್ರೂ ಅಷ್ಟೇ ಕೊಡೋದು ಬುಡು."

ಎಷ್ಟು ಎಂದು ಮಾತ್ರ ಅವನು ಹೇಳಲಿಲ್ಲ. ಪೆಟ್ರೋಲಿನಲ್ಲಿ ನೀರಿದೆಯೇನೋ ನೋಡೋಣವೆಂದು ಕಲ್ಲೇಶ ಒಂದು ಸಂಜೆ ಹಾಲಿಗೆ ನೀರು ಹೆಚ್ಚಿದಷ್ಟೂ ಆಳಕ್ಕೆ ಇಳಿಯುವ ಸೊಸೈಟಿಯ ಲ್ಯಾಕ್ಟೋಮೀಟರನ್ನು ಲೋಟದ ಪೆಟ್ರೋಲಿಗೆ ಬಿಟ್ಟ. ಅದು ಕಲ್ಲಿನಂತೆ ತಳ ಸೇರಿತು. "ನೋಡೇ, ಪೂರ್ತಿ ನೀರು!" ಎಂದು ಅವನು ಕುಣಿಯುತ್ತಿರುವಾಗ ರಾಧಾಮಣಿ ಬಂದು ನೋಡಿದಳು. ಆಮೇಲೆ ನಡೆದದ್ದನ್ನು ಬರೆಯುವುದು ಬೇಡ. ಆ ಲ್ಯಾಕ್ಟೋಮೀಟರನ್ನು ಎಷ್ಟು ಉಜ್ಜಿದರೂ ವಾಸನೆ ಹೋಗಲಿಲ್ಲ, ಕೊನೆಗೆ ಹೊಸದು ತರಬೇಕಾಯಿತು.

"ಸಾಕು" ಎಂದಳು ರಾಧಾಮಣಿ. "ನಿಮ್ಮ ಗಾಡಿ ನಲವತ್ತೈದರ ಮೇಲೆ ಕೊಡಲ್ಲ. ಅಳೆದುಬಿಡೋಣ. ಐವತ್ತು ದಾಟಿದ್ರೆ ನಾನು ಇನ್ಮೇಲೆ ಎಣ್ಣೆ ವಿಷಯಕ್ಕೆ ಬಾಯಿ ಬಿಡಲ್ಲ. ದಾಟದೇ ಇದ್ರೆ ಗಾಡಿ ಮಾರಿ ನನಗೊಂದು ಕರೆಂಟ್ ಸ್ಕೂಟರ್."

ಅವಳ ಬೇಡಿಕೆಯಲ್ಲಿ ನ್ಯಾಯವಿತ್ತು. ಸೊಸೈಟಿಯ ಕೆಲಸಕ್ಕೆಂದು ತಿಪಟೂರಿಗೆ ಹೋಗುವ ದಿನ ಅವಳು ಬಸ್ಸಿಗೆ ಕಾದು ಕಾದು ನೆರಳಿನ ಜೊತೆ ತಾನೂ ಜರುಗುತ್ತಾ ನಿಲ್ಲಬೇಕಿತ್ತು. ಗೇರಿನ ಗಾಡಿ ಅವಳಿಗೆ ಬಾರದು. ಆದರೆ ಕಲ್ಲೇಶ ಬೈಕಿನ ಸೀಟು ಸವರಿದ. ಅದು ಅವನು ಮೊದಲ ದುಡಿಮೆಯಲ್ಲಿ ಕೊಂಡ ಗಾಡಿ. ಅದರ ಮೇಲೇ ಹೋಗಿ ಈ ರಾಧಾಮಣಿಯನ್ನು ನೋಡಿ ಒಪ್ಪಿ ಬಂದಿದ್ದ. ಅದನ್ನು ಮಾರುವುದೆಂದರೆ ಮನೆಯ ಹಿರೀ ಎತ್ತನ್ನು ಸಂತೆಗೆ ಹೊಡೆದಂತೆ. ಆದರೂ ಅರವತ್ತು ಎಂದು ಊರ ತುಂಬ ಹೇಳಿದ ಬಾಯಿ 'ಬೇಡ' ಎನ್ನಲು ಬರಲಿಲ್ಲ. "ಆಗ್ಲಿ" ಎಂದುಬಿಟ್ಟ.

ಶನಿವಾರ ಸಂಜೆ ರಾಧಾಮಣಿ ಎದುರು ನಿಂತು ಟ್ಯಾಂಕನ್ನು ಬರಿದು ಮಾಡಿಸಿದಳು. ಹಳೆಯ ಲೀಟರ್ ಅಳತೆ ತಂದು, ಕಣ್ಣ ಮಟ್ಟಕ್ಕೆ ಹಿಡಿದು, ಒಂದು ಹನಿ ಹೆಚ್ಚಿಲ್ಲದಂತೆ ಒಂದು ಲೀಟರ್ ಹಾಕಿದಳು. ಉಳಿದ ಪೆಟ್ರೋಲನ್ನು ಒಂದು ಬಾಟಲಿಗೆ ಸುರಿದು ಗೂಡಿನಲ್ಲಿಟ್ಟಳು. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ದೇವರ ಪಟದ ಮುಂದೆ ಇಟ್ಟು, "ಇದನ್ನ ನಾಳೆ ನಾನೇ ತೆಗೆಯೋದು. ಮಧ್ಯೆ ಮುಟ್ಟಿದೋರಿಗೆ ರಂಗನಾಥ ಸ್ವಾಮಿ ಇದ್ದಾನೆ" ಎಂದಳು.

ಭಾನುವಾರವೂ ಹಸು ಹಾಲು ಕೊಡುವುದರಿಂದ ರಾಧಾಮಣಿ ಬೆಳಿಗ್ಗೆ ಸೊಸೈಟಿಗೆ ಹೋದಳು. ಅವಳು ಬೀದಿಯ ತಿರುವು ದಾಟುವುದನ್ನೇ ಕಾದಿದ್ದ ಕಲ್ಲೇಶ ರಂಗನಾಥಸ್ವಾಮಿಗೆ ಕೈ ಮುಗಿದು ("ಅರ್ಧ ಲೀಟ್ರು ಮಾತ್ರ ಸ್ವಾಮೀ, ಮರ್ಯಾದೆ ಪ್ರಶ್ನೆ") ಬೀಗದ ಕೈ ತೆಗೆದ. ಗೂಡಿನ ಬಾಟಲಿಯಿಂದ ಅಂದಾಜು ಅರ್ಧ ಲೀಟರ್ ಟ್ಯಾಂಕಿಗೆ ಸುರಿದ. ಬೀಗದ ಕೈ ಮತ್ತೆ ಪಟದ ಮುಂದೆ ಕೂತಿತು. ನಲವತ್ತೈದು ಕೊಟ್ಟರೂ ಈಗ ಅರವತ್ತೇಳರ ಹತ್ತಿರ ಬರುತ್ತದೆ, ಅರವತ್ತಕ್ಕಿಂತ ಆರೋ ಏಳೋ ಹೆಚ್ಚು ಎಂದು ನಾಚಿಕೊಂಡು ಹೇಳಿದರಾಯಿತು ಎಂದು ಲೆಕ್ಕ ಹಾಕಿ, ಹಾಡಿಕೊಳ್ಳುತ್ತಾ ಸ್ನಾನಕ್ಕೆ ಹೋದ.

ಒಂಬತ್ತರ ಹೊತ್ತಿಗೆ ಗಂಡ ಹೆಂಡತಿ ಹೊರಟರು. ರಾಧಾಮಣಿ ಮೀಟರಿನ ಅಂಕಿಯನ್ನು ಫೋನಿನಲ್ಲಿ ಫೋಟೋ ಹಿಡಿದು ಹಿಂದೆ ಕೂತಳು. ಪುಟ್ಟಗಂಗಮ್ಮ ಬಾಗಿಲಲ್ಲಿ ನಿಂತು, ಮಗನ ಕಡೆ ಏನೋ ಅರ್ಥವಿಟ್ಟು ನಕ್ಕು, "ಹೋಗಿ ಬಾ ಮಗ, ಏನೂ ಆಗಕ್ಕಿಲ್ಲ" ಎಂದಳು. ಕಿಕ್ಕರ್ ಹೊಡೆದೊಡನೆ ಗಾಡಿ ಹಿಂದಿನಿಂದ ನೀಲಿ ಹೊಗೆ ಭುಸ್ಸೆಂದು ಹೊರಟು ಹುಚ್ಚರಂಗಯ್ಯನವರ ಜಗುಲಿಯನ್ನೇ ಮುಚ್ಚಿತು.

"ಇದೇನ್ರೀ ಹೊಗೆ?"

"ಎಥನಾಲ್ ಕಣೇ" ಎಂದ ಕಲ್ಲೇಶ. ಅವನಿಗೂ ಗೊತ್ತಿರಲಿಲ್ಲ.

ತಿಪಟೂರು ದಾಟಿದರು, ನೊಣವಿನಕೆರೆ ದಾಟಿದರು. ಎರಡೂ ಕಡೆ ತೋಟ, ನಡುವೆ ಇವರು, ಹಿಂದೆ ಹೊಗೆ. ಎದುರಿಗೆ ಬಂದ ಬಸ್ಸಿನ ಕಂಡಕ್ಟರ್ ಬಾಗಿಲಿಂದ ಇಣುಕಿ, "ಏನಣ್ಣಾ, ಸೊಳ್ಳೆಗೆ ಔಷಧಿ ಹೊಡೀತಿದೀಯಾ?" ಎಂದು ಕೂಗಿ ಹೋದ. ತುರುವೇಕೆರೆ ಬಿಟ್ಟು ಅಮ್ಮಸಂದ್ರದ ದಾರಿ ಹಿಡಿದಾಗ ನಲವತ್ತೈದು ಆಯಿತು, ಐವತ್ತೂ ಆಯಿತು. ಕಲ್ಲೇಶ ಎದೆಯುಬ್ಬಿಸಿ, "ಐವತ್ತು!" ಎಂದು ಕೂಗಿದ.

"ನೋಡ್ದೆ. ಇನ್ನೂ ಓಡ್ಲಿ" ಎಂದಳು ರಾಧಾಮಣಿ ಶಾಂತವಾಗಿ.

ಅಮ್ಮಸಂದ್ರದಲ್ಲಿ ಗಾಡಿ ತಿರುಗಿಸಿದರು. ಅರವತ್ತೇಳು ಬಂತು. ಇನ್ನೇನು ಈಗ ನಿಲ್ಲುತ್ತದೆ ಎಂದು ಕಲ್ಲೇಶ ನೆರಳಿರುವ ಒಂದು ಹುಣಸೆ ಮರವನ್ನೂ ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದ. ಹುಣಸೆ ಮರ ಹಿಂದೆ ಹೋಯಿತು, ಗಾಡಿ ನಿಲ್ಲಲಿಲ್ಲ. ಎಪ್ಪತ್ತೈದು. ತುರುವೇಕೆರೆ ಮತ್ತೆ ಬಂತು, ಹೋಯಿತು. ಎಂಬತ್ತೈದು. ಗಾಡಿ ಯಾವ ಮುಲಾಜೂ ಇಲ್ಲದೆ ಓಡುತ್ತಿತ್ತು. ಕಲ್ಲೇಶನ ಸಂತೋಷ ಮೊದಲು ಆಶ್ಚರ್ಯವಾಯಿತು, ಆಶ್ಚರ್ಯ ಗಾಬರಿಯಾಯಿತು. ರಂಗನಾಥಸ್ವಾಮಿಯ ಮಹಿಮೆಯೋ, ಶಾಪವೋ, ಒಂದೂ ತಿಳಿಯಲಿಲ್ಲ. ನಿಲ್ಲು ಮಾರಾಯ, ನಿಲ್ಲು ಎಂದು ಒಳಗೊಳಗೇ ಗಾಡಿಯ ಕಾಲು ಹಿಡಿದ. ಕ್ಲಚ್ ಹಿಡಿದ, ಎರಡನೇ ಗೇರಿನಲ್ಲಿ ಗರ್‌ರ್ ಎನ್ನಿಸಿದ. ಹೊಗೆ ಹೆಚ್ಚಿತೇ ಹೊರತು ಗಾಡಿ ಸೋಲಲಿಲ್ಲ. ಇಷ್ಟು ವರ್ಷ ನಡುದಾರಿಯಲ್ಲಿ ಕೈಕೊಟ್ಟು ಅವನ ಮಾನ ಕಳೆದದ್ದು, ಇವತ್ತು ಕೈಕೊಡದೆ ಕಳೆಯುತ್ತಿತ್ತು.

ಕೊನೆಗೆ ಹೊನ್ನವಳ್ಳಿಗೇ ವಾಪಸ್ಸು ಬಂದು ಮನೆಯ ಮುಂದೆ ನಿಂತಾಗ ನೂರಾಹತ್ತು. ಗಾಡಿ ಇನ್ನೂ ಗುಡುಗುಡು ಎನ್ನುತ್ತಿತ್ತು. ಕಲ್ಲೇಶನೇ ಕೀ ತಿರುಗಿಸಿ ಆರಿಸಿದ. ಹುಚ್ಚರಂಗಯ್ಯನವರು ಓಡಿ ಬಂದು, "ಎಷ್ಟು ಕೊಡ್ತಪ್ಪಾ?" ಎಂದರು. ರಾಧಾಮಣಿ, "ನೂರಾಹತ್ತು, ಇನ್ನೂ ಕೊಡ್ತಾ ಐತೆ" ಎಂದಳು. ಅವರು ಪಟದ ದೇವರನ್ನು ನೋಡಿದಂತೆ ಬೈಕನ್ನು ನೋಡಿ, ಕೈ ಮುಗಿದು ಹಿಂದಕ್ಕೆ ಹೋದರು.

ಒಳಗೆ ಬಂದು ರಾಧಾಮಣಿ ಕಾಲು ತೊಳೆದಳು, ನೀರು ಕುಡಿದಳು, ಚಾಪೆಯ ಮೇಲೆ ಕೂತಳು. "ಸೋತೆ ಕಣ್ರೀ" ಎಂದಳು.

ಕಲ್ಲೇಶನಿಗೆ ಜೀವ ಬಂತು. "ಹೋಗ್ಲಿ ಬುಡು, ನಾನೇನು ಜಂಬ ಪಡೋನಲ್ಲ."

"ಜಂಬ ಇರ್ಲಿ. ಒಂದು ಲೆಕ್ಕ ಹೇಳಿ. ಲೀಟರಿಗೆ ನೂರಾಹತ್ತು ಕೊಡೋ ಗಾಡಿಗೆ ವಾರವೆಲ್ಲ ಓಡಿದ್ರೂ ಒಂದೂವರೆ, ಎರಡು ಲೀಟರ್ ಸಾಕು. ನೀವು ವಾರಕ್ಕೆ ಐದು ಲೀಟರ್‌ಗೆ ಇಸ್ಕೊಂಡು ಹೋಗ್ತಿದ್ರಿ. ಉಳಿದ ಪೆಟ್ರೋಲಲ್ಲಿ ಎಲ್ಲಿಗೆ ಹೋಗ್ತಿದ್ರಿ?"

ಕಲ್ಲೇಶ ಬೆರಳು ಮಡಿಸಿ ಲೆಕ್ಕ ಹಾಕುವುದರೊಳಗೆ ಅವಳೇ ಹೇಳಿದಳು.

"ಧರ್ಮಸ್ಥಳಕ್ಕೆ ಹೋಗಿ ಬರೋವಷ್ಟು ದೂರ ಆಗುತ್ತೆ. ವಾರವಾರ ಧರ್ಮಸ್ಥಳಕ್ಕೆ ಹೋಗೋವಂಥ ಭಕ್ತರಲ್ಲ ನೀವು."

"ಎಲ್ಲೂ ಹೋಗಿಲ್ಲ ಕಣೇ! ಮಂಡಿ ಬಿಟ್ರೆ ಅಟ್ಟ, ಅಟ್ಟ ಬಿಟ್ರೆ ಮನೆ!"

"ಗಾಡಿ ಓಡಿಲ್ಲ ಅಂದ್ರೆ ಕಾಸು ಓಡಿರಬೇಕು. 'ಎಣ್ಣೆ ಹಾಕ್ಬೇಕು, ಎಣ್ಣೆ ಹಾಕ್ಬೇಕು' ಅಂತಿದ್ರಲ್ಲ, ಯಾವ ಎಣ್ಣೆ? ಯಾರ ಹೊಟ್ಟೆಗೆ?"

ಹೊಗೆಯಲ್ಲಿ ಮಿಂದು ಬಂದ ಕಲ್ಲೇಶನ ಕಣ್ಣುಗಳು ಕೆಂಪಗೆ ಕೆಂಡದಂತಿದ್ದವು. ಕುಡುಕನಲ್ಲ ಎಂದು ಪ್ರಮಾಣ ಮಾಡುವುದಕ್ಕೆ ಅಂದಿನ ಮುಖ ಯೋಗ್ಯವಾಗಿರಲಿಲ್ಲ. ನಿಜಕ್ಕೂ ಅವನಿಗೆ ಅಳು ಬಂತು. ಜನ್ಮದಲ್ಲಿ ಕಳ್ಳೂ ಮುಟ್ಟದವನು ಗಾಡಿಯ ಒಳ್ಳೆಯತನದಿಂದ ಕುಡುಕನಾಗಿ ನಿಂತಿದ್ದ. ಬಾಯಿ ಬಿಟ್ಟರೆ ಮೋಸಗಾರ, ಮುಚ್ಚಿದರೆ ಕುಡುಕ. ಒಂದು ಕ್ಷಣ ತಕ್ಕಡಿ ಹಿಡಿದು ನೋಡಿದ, ಮೋಸಗಾರನೇ ವಾಸಿ ಎನ್ನಿಸಿತು.

"ರಾಧಾ, ಗಾಡಿ ನೂರಾಹತ್ತು ಕೊಡಲ್ಲ. ನಾನು ಬೆಳಿಗ್ಗೆ ಅರ್ಧ ಲೀಟ್ರು ಹಾಕಿದ್ದೆ."

"ಹಾಕಿರಿ. ಒಂದೂವರೆಗೆ ನೂರಾಹತ್ತು ಅಂದ್ರೂ ಎಪ್ಪತ್ತರ ಮೇಲೆ ಬಂತು. ಇನ್ನೂ ಐತೆ ಟ್ಯಾಂಕಲ್ಲಿ. ಅರವತ್ತು ಅಂತಿದ್ರಿ, ಅದಕ್ಕಿಂತ ಹೆಚ್ಚೇ ಆಯ್ತು. ಆ ಎಣ್ಣೆ ಕಾಸು?"

"ಎಪ್ಪತ್ತೂ ಕೊಡಲ್ಲ ಕಣೇ! ಅರವತ್ತೂ ಕೊಡಲ್ಲ! ನಮ್ಮವ್ವನಾಣೆ, ನಲವತ್ತೈದು ಕೊಟ್ರೆ ಹೆಚ್ಚು! ಕಾಯಿ ಚೀಲ ಹೇರಿದ ದಿನ ನಲವತ್ತೂ ಇಲ್ಲ! ದರಿದ್ರ ಗಾಡಿ ಅದು!"

ತನ್ನ ಮೇಲೆ ಆಣೆ ಬಿದ್ದದ್ದು ಕೇಳಿ ಪುಟ್ಟಗಂಗಮ್ಮ ಅಡುಗೆಮನೆಯಿಂದ ಓಡಿ ಬಂದಳು. "ಲೇ, ನನ್ನಾಣೆ ಯಾಕ್ಲಾ ಇಡ್ತೀಯ? ಅವನದೇನೂ ತಪ್ಪಿಲ್ಲ ಕಣವ್ವ ರಾಧಾ. ಇವನು ನೀರು ಹುಯ್ಕೊಳ್ಳೋಕೆ ಹೋದಾಗ ನಾನು ಗಾಡಿ ಅಲ್ಲಾಡಿಸಿ ನೋಡ್ದೆ. ಗಳಗಳ ಅಂತು. ಅಯ್ಯೋ, ನೀರು ಇಂಗೋಗ್ಬುಟ್ಟೈತೆ, ನನ್ನ ಮಗ ದಾರೀಲಿ ನಿಂತ್ಕೊಂಡಾನು ಅಂತ ಪಟದ ಮುಂದಿದ್ದ ಬೀಗದ ಕೈ ತಗೊಂಡು, ಕಳೆ ಹೊಡೆಯೋ ಮಿಷನ್ ಎಣ್ಣೆ ಕ್ಯಾನು ತಂದು ಹುಯ್ದೆ. ತುಂಬಿದ ಕಾಯಿ ಸದ್ದು ಮಾಡಕ್ಕಿಲ್ಲ ನೋಡು, ಅದಕ್ಕೆ ಸದ್ದು ನಿಲ್ಲೋ ಗಂಟ ಹುಯ್ಯಾಣ ಅಂತಿದ್ದೆ. ಕ್ಯಾನೇ ಮುಗಿದೋಯ್ತು."

ಕಳೆ ಹೊಡೆಯುವ ಮೆಷಿನ್ನಿನ ಪೆಟ್ರೋಲಿಗೆ ಎಂಜಿನ್ ಎಣ್ಣೆ ಬೆರೆಸಿಯೇ ಇಡುತ್ತಾರೆ. ನೀಲಿ ಹೊಗೆಯ ರಹಸ್ಯ ಕಲ್ಲೇಶನಿಗೆ ಆಗ ಹೊಳೆಯಿತು. ಅವನು ಗೋಡೆಗೆ ಒರಗಿ ಕೂತ. ತಾಯಿಯ ಪ್ರೀತಿಗೆ ಸಿಟ್ಟು ಮಾಡುವಂತಿಲ್ಲ, ಮೆಚ್ಚುವಂತಿಲ್ಲ.

ರಾಧಾಮಣಿ ಮಾತ್ರ ನಗುತ್ತಿದ್ದಳು. ಕಲ್ಲೇಶನಿಗೆ ಆ ನಗು ನೋಡಿ ಅನುಮಾನ ಬಂತು.

"ನಿನಗೆ ಮೊದಲೇ ಗೊತ್ತಿತ್ತೇನೇ?"

"ಗೂಡಿನ ಬಾಟಲಿ ಇಳಿದಿದ್ದು ಹೊರಡೋಕೆ ಮುಂಚೆನೇ ನೋಡ್ದೆ. ಕ್ಯಾನಿನ ವಾಸನೆ ತಿಪಟೂರು ಬರೋಕೆ ಮುಂಚೆ ಮೂಗಿಗೆ ಬಂತು. ಹಾಲಿಗೆ ನೀರು ಹಾಕಿದೋರನ್ನ ದಿನಾ ಹಿಡಿಯೋಳು ನಾನು. ಪೆಟ್ರೋಲಿಗೆ ಪೆಟ್ರೋಲ್ ಹಾಕಿದೋರನ್ನ ಹಿಡಿಯಲ್ವಾ?"

"ಮತ್ತೆ ಅಷ್ಟು ದೂರ ಯಾಕೆ ಸುಮ್ಮನೆ ಕೂತಿದ್ದೆ?"

"ಮದುವೆಯಾದ ಮೇಲೆ ಗಾಡೀಲಿ ಇಷ್ಟು ದೂರ ಕರ್ಕೊಂಡು ಹೋಗಿದ್ದು ಇವತ್ತೇ ಅಲ್ವಾ" ಎಂದು ಅವಳು ಸೆರಗಿನಿಂದ ಮುಖದ ಮಸಿ ಒರೆಸಿಕೊಂಡಳು. "ಇರ್ಲಿ. ನಲವತ್ತೈದು ಕೊಟ್ರೆ ಹೆಚ್ಚು ಅಂತ ಅತ್ತೆ ಆಣೆ ಇಟ್ಟು ಹೇಳಿದ್ರಿ. ಪಂದ್ಯ ಕಟ್ಟಿದ ದಿನ ನಾನು ಹೇಳಿದ್ದೂ ಅದೇ."

ಮುಂದಿನ ತಿಂಗಳು ಬೈಕು ಹೋಯಿತು, ಕರೆಂಟ್ ಸ್ಕೂಟರ್ ಬಂತು. ಬೈಕನ್ನು ಕೊಂಡವನು 'ಎಷ್ಟು ಕೊಡುತ್ತೆ?' ಎಂದು ಕೇಳಿದಾಗ ಕಲ್ಲೇಶ ಹೆಂಡತಿಯ ಮುಖ ನೋಡಿ, "ನಲವತ್ತೈದು" ಎಂದ. ಅವನು ಜೀವಮಾನದಲ್ಲಿ ಗಾಡಿಯ ಬಗ್ಗೆ ಹೊರಗಿನವರಿಗೆ ಹೇಳಿದ ಒಂದೇ ನಿಜ ಅದು. ಕೊಂಡವನು ಅದನ್ನೂ ನಂಬದೆ ನಲವತ್ತಕ್ಕೆ ಇಳಿಸಿಕೊಂಡು ಬೆಲೆ ಕಟ್ಟಿದ.

ಸ್ಕೂಟರ್ ರಾಧಾಮಣಿಯದು. ಒಂದು ಭಾನುವಾರ ಮಾತ್ರ, ಅವಳು ಮನೆಯಲ್ಲಿಲ್ಲದಾಗ, ಕಲ್ಲೇಶ ಅದನ್ನು ಹೊರಗೆ ತೆಗೆದ. ಅದರ ಪರದೆಯಲ್ಲಿ ಏನೇನೋ ಗೆರೆ, ಬಣ್ಣ, ಅಂಕಿ. ಯಾವುದು ವೇಗ, ಯಾವುದು ಗಂಟೆ, ಯಾವುದು ಕರೆಂಟು, ಒಂದೂ ತಿಳಿಯಲಿಲ್ಲ. ಅವನು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿರುವಾಗ ಪುಟ್ಟಗಂಗಮ್ಮ ಪೊರಕೆ ಕೆಳಗಿಟ್ಟು ಬಂದಳು. ಹ್ಯಾಂಡಲ್ ಹಿಡಿದು ಸ್ಕೂಟರನ್ನು ಎರಡು ಸಲ ಚೆನ್ನಾಗಿ ಕುಲುಕಿ, ಸೀಟಿಗೆ ಕಿವಿಗೊಟ್ಟಳು.

"ಸದ್ದೇ ಇಲ್ಲ ಕಣ್ಲಾ. ತುಂಬೈತೆ, ಹೋಗು."

ಕಸುಬಿನ ಪ್ರಕಾರ ತಾಯಿಯ ಮಾತು ಸರಿಯಾಗಿತ್ತು. ಕಲ್ಲೇಶ ಹೋದ. ಮಧ್ಯಾಹ್ನದ ಬಿಸಿಲಿನಲ್ಲಿ ಅವನು ಬೆವರಿಳಿಸುತ್ತಾ, ಸತ್ತು ಮಲಗಿದ ಸ್ಕೂಟರನ್ನು ತಳ್ಳಿಕೊಂಡು ಊರ ಬೀದಿಗೆ ಬಂದಾಗ ಹುಚ್ಚರಂಗಯ್ಯನವರು ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ಸ್ಕೂಟರನ್ನು ನೋಡಿದರು, ಕಲ್ಲೇಶನನ್ನು ನೋಡಿದರು, ಎಲೆಗೆ ಸುಣ್ಣ ಸವರುತ್ತಾ ಕೇಳಿದರು:

"ಹೊಸಾ ಗಾಡಿ! ಎಷ್ಟು ಕೊಡ್ತದಪ್ಪಾ?"